ತಲೆಗೆ ತಂಬುಳಿ

"ಈ ಮನೆಯ ಮೆಂತ್ಯ ಎಲ್ಲಿ ಹೋಗ್ತಿದೆ ಅಂತ ಇವತ್ತು ಗೊತ್ತಾಗಲೇಬೇಕು" ಎನ್ನುತ್ತಾ ಕಾವೇರಕ್ಕ ಮೆಟ್ಟುಗತ್ತಿಯ ಮುಂದೆ ಕೂತಳು.

ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದವರೆಲ್ಲ ತಲೆ ಎತ್ತಿದರು. ನಾಗೇಶ ಮಾತ್ರ ಎತ್ತಲಿಲ್ಲ. ಅವನ ತಲೆಗೆ ಟವೆಲ್ ಸುತ್ತಿತ್ತು. ಟವೆಲಿನ ಅಂಚಿನಿಂದ ಹಸಿರು ಬಣ್ಣದ್ದೇನೋ ಇಳಿದು ಕಿವಿಯ ಹಿಂದೆ ಬಂದು ನಿಂತಿತ್ತು.

"ದಸರೆಗೆ ತಂದ ಮೆಂತ್ಯ ಯುಗಾದಿವರೆಗೂ ಬರಬೇಕು. ದೋಸೆಗೊಂದು ಚಿಟಿಕೆ, ಉಪ್ಪಿನಕಾಯಿಗೊಂದು ಹಿಡಿ, ಯಾರಿಗಾದ್ರೂ ಹೊಟ್ಟೆ ಕೆಟ್ಟರೆ ತಂಬುಳಿಗೆ. ದೀಪಾವಳಿಯ ಹಣತೆ ಇನ್ನೂ ಎತ್ತಿಟ್ಟಿಲ್ಲ, ಆಗಲೇ ಡಬ್ಬಿ ತಳ ಕಾಣ್ತಿದೆ."

"ಇಲಿ ಇರಬಹುದು ಅತ್ತಿಗೆ" ಎಂದ ನಾಗೇಶ.

"ರಾತ್ರಿ ನೆನೆಹಾಕಿ ಬೆಳಿಗ್ಗೆ ಮಿಕ್ಸಿಯಲ್ಲಿ ರುಬ್ಬಿಕೊಂಡು ತಿನ್ನೋ ಇಲಿಯನ್ನ ನಾನು ನೋಡಿಲ್ಲ. ಅದೂ ಜಾರ್ ತೊಳೆಯದೆ ಹಾಗೇ ಇಟ್ಟು ಹೋಗೋ ಇಲಿ."

ಗಿರಿಜ ಕಿಸಕ್ಕನೆ ನಕ್ಕಳು. ನಗುವಾಗಲೂ ಅವಳ ಕೈ ನಿಲ್ಲುವುದಿಲ್ಲ. ಉಳಿದವರು ಒಂದು ಅಡಿಕೆ ತಿರುಗಿಸಿ ನೋಡುವಷ್ಟರಲ್ಲಿ ಅವಳು ಎರಡು ಸುಲಿದು ಬುಟ್ಟಿಗೆ ಹಾಕಿರುತ್ತಾಳೆ. ಡಬ್ಬದ ಲೆಕ್ಕದಲ್ಲಿ ಕೂಲಿ ಸಿಗುವ ಕೆಲಸದಲ್ಲಿ ಪೂರ್ತಿ ನಗುವುದು ನಷ್ಟ.

ನಾಗೇಶ ಒಪ್ಪಿಕೊಂಡ. "ಅದು ಹೇರ್ ಮಾಸ್ಕ್ ಅತ್ತಿಗೆ. ಮೆಂತ್ಯ, ಮೊಸರು, ಕರಿಬೇವು. ಅಷ್ಟೇ."

"ಅದಕ್ಕೆ ನಾಲ್ಕು ಕಾಳು ಮೆಣಸು, ಒಂದು ಹಿಡಿ ಕಾಯಿತುರಿ, ಉಪ್ಪು ಹಾಕಿ ತುಪ್ಪದ ಒಗ್ಗರಣೆ ಕೊಟ್ಟಿದ್ರೆ ತಂಬುಳಿ ಆಗ್ತಿತ್ತು. ಮನೆಮಂದಿಯೆಲ್ಲ ಉಣ್ಣಬಹುದಿತ್ತು. ನೀನು ಒಬ್ಬನೇ ಉಂಡೆ, ಅದೂ ತಲೆಯಲ್ಲಿ."

"ದೊಡ್ಡಮ್ಮ, ಅದು ನ್ಯಾಚುರಲ್ ಅಲ್ವಾ? ಕೆಮಿಕಲ್ ಇರಲ್ಲ" ಎಂದಳು ಸುಮ. ಅವಳು ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಊರಿಗೆ ಬಂದಿದ್ದಾಳೆ. ಅಪ್ಪನಿಗೆ ಇದನ್ನೆಲ್ಲ ಹೇಳಿಕೊಟ್ಟವಳೂ ಅವಳೇ.

"ತುರಚೆ ಸೊಪ್ಪೂ ನ್ಯಾಚುರಲ್ಲೇ ಕಣೇ. ತೋಟದ ದಾರಿಯಲ್ಲಿ ಬೇಕಾದಷ್ಟಿದೆ, ಉಜ್ಜಿಕೋ ಹೋಗು."

ಇಷ್ಟು ಹೊತ್ತು ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದ ಮೇಷ್ಟ್ರು ಲೋಟ ಕೆಳಗಿಟ್ಟರು. ಮೇಷ್ಟ್ರು ಅಡಿಕೆ ಸುಲಿಯುವುದಿಲ್ಲ. ಸುಲಿಯುವವರಿಗೆ ವಿಜ್ಞಾನ ಹೇಳುತ್ತಾರೆ. "ಕೆಮಿಕಲ್ ಇಲ್ಲದ್ದು ಯಾವುದಿದೆ ಸುಮ? ಅಂಟುವಾಳದಲ್ಲಿ, ಸೀಗೆಯಲ್ಲಿ ಸಪೋನಿನ್ ಅಂತ ಇದೆ. ನೊರೆ ಬರೋದು, ಜಿಡ್ಡು ಬಿಡೋದು ಅದರಿಂದಲೇ. ಮೆಂತ್ಯದ ಲೋಳೆ ಕೂದಲಿನ ಮೇಲೆ ಕೂತು ನುಣುಪು ಕೊಡ್ತದೆ, ಅಲ್ಲಿಗೆ ಅದರ ಕೆಲಸ ಮುಗೀತು. ಕೂದಲು ಅದನ್ನ ಉಣ್ಣಲ್ಲ. ಯಾಕೆಂದರೆ ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವೇ ಇಲ್ಲ. ಜೀವ ಇರೋದು ಬುಡದಲ್ಲಿ."

"ಸತ್ತದ್ದಾ?" ಎಂದು ಕಾವೇರಕ್ಕ ಕಣ್ಣರಳಿಸಿದಳು. "ಹಂಗಾದ್ರೆ ಇದು ಹೇರ್ ಮಾಸ್ಕ್ ಅಲ್ಲ ಮೇಷ್ಟ್ರೇ, ಶ್ರಾದ್ಧ. ನಾವು ಸತ್ತವರಿಗೆ ವರ್ಷಕ್ಕೊಂದು ಸಲ ಬಡಿಸ್ತೀವಿ. ಇವನು ವಾರಕ್ಕೆರಡು ಸಲ ಬಡಿಸ್ತಿದ್ದಾನೆ, ಅದೂ ಗಟ್ಟಿ ಮೊಸರು ಹಾಕಿ."

ನಾಗೇಶನಿಗೆ ಸ್ವಲ್ಪ ಬೇಜಾರಾಯಿತು. ಬೇಜಾರಾದಾಗ ಅವನು ಫೋನ್ ತೆಗೆಯುತ್ತಾನೆ. "ನೋಡಿ, ಈರುಳ್ಳಿ ರಸಕ್ಕೆ ಸೈಂಟಿಫಿಕ್ ಪ್ರೂಫ್ ಇದೆ. ಫಾರಿನ್ನಲ್ಲಿ ಟೆಸ್ಟ್ ಮಾಡಿದ್ದಾರೆ."

"ಈರುಳ್ಳಿ ಸುದ್ದಿ ಎತ್ತಬೇಡ ಮಾರಾಯ" ಎಂದಳು ಕಾವೇರಕ್ಕ. "ಮೊನ್ನೆ ಗೃಹಪ್ರವೇಶದ ಪಂಕ್ತಿಯಲ್ಲಿ ಇವನ ಪಕ್ಕ ಕೂತವರು ಬಡಿಸುವವನನ್ನ ಕರೆದು, ಬಜ್ಜಿ ಯಾವಾಗ ಬರ್ತದೆ ಅಂತ ಕೇಳಿದರು. ಪಾಪ, ಕೊನೆವರೆಗೂ ಕಾದರು. ಮಜ್ಜಿಗೆ ಬಂದ ಮೇಲೂ ಎಲೆ ಬಿಟ್ಟು ಏಳಲಿಲ್ಲ."

"ಟೆಸ್ಟ್ ಆಗಿದ್ದು ನಿಜ" ಎಂದರು ಮೇಷ್ಟ್ರು. "2002ರಲ್ಲಿ, ಬಾಗ್ದಾದಿನ ವೈದ್ಯರು ಮಾಡಿದ್ದು. ಆದರೆ ಅದು ತಲೆಯಲ್ಲಿ ಅಲ್ಲಲ್ಲಿ ಬಿಲ್ಲೆಯಗಲ ಕೂದಲು ಉದುರುವ ಕಾಯಿಲೆಗೆ. ಪರೀಕ್ಷೆ ಮಾಡಿಸಿಕೊಂಡವರೂ ಕೆಲವೇ ಜನ. ನಿಂದು ಆ ಕಾಯಿಲೆ ಅಲ್ಲ ನಾಗೇಶ. ನಿಂದು ವಂಶದಿಂದ ಬಂದದ್ದು."

"ಅದನ್ನ ನನ್ನ ಕೇಳಿ" ಎಂದಳು ಕಾವೇರಕ್ಕ. "ಮಾವನವರು ಬಿಟ್ಟುಹೋದದ್ದು ಮೂರೇ. ತೋಟ, ಸಾಲ, ಆ ತಲೆ. ತೋಟ ಪಾಲಾಯ್ತು. ಸಾಲ ತೀರಿತು. ತಲೆ ಮಾತ್ರ ಅಣ್ಣತಮ್ಮ ಇಬ್ಬರಿಗೂ ಪಾಲಾಗದೆ ಪೂರ್ತಿ ಪೂರ್ತಿ ಬಂತು."

ಮೂಲೆಯಲ್ಲಿ ಸುಲಿಯುತ್ತಿದ್ದ ಶ್ರೀಪತಿಯ ತಲೆ ಬಲ್ಬಿನ ಕೆಳಗೆ, ಆಗ ತಾನೇ ಸಿಪ್ಪೆ ಬಿಟ್ಟ ಅಡಿಕೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಅವನು ಏನೂ ಹೇಳಲಿಲ್ಲ. ಮದುವೆಯಾದಾಗಿನಿಂದಲೂ ಹೆಚ್ಚೇನೂ ಹೇಳಿದವನಲ್ಲ.

"ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರೋದು ಎಲ್ಲರಿಗೂ ಸಹಜ. ಅದಕ್ಕೆಲ್ಲ ಹೆದರಬಾರದು" ಎಂದು ಮೇಷ್ಟ್ರು ಸಮಾಧಾನ ಹೇಳಿದರು.

"ದಿನಕ್ಕೆ ನೂರು ಉದುರಬೇಕಾದ್ರೆ ಮೊದಲು ನೂರು ಇರಬೇಕಲ್ಲ ಮೇಷ್ಟ್ರೇ."

ಸುಮ ಅಪ್ಪನ ಪರವಾಗಿ ಎದ್ದು ಕೂತಳು. "ದೊಡ್ಡಮ್ಮ, ಎಲ್ಲದಕ್ಕೂ ತಮಾಷೆ ಮಾಡಬೇಡಿ. ಚೀನಾದ ಗುವಾಂಗ್ಶಿಯಲ್ಲಿ ಹುವಾಂಗ್ಲೂ ಅಂತ ಒಂದು ಊರಿದೆ. ಅಲ್ಲಿ ಯಾವೋ ಹೆಂಗಸರು ಹುಳಿ ಬಂದ ಅಕ್ಕಿ ತೊಳೆದ ನೀರಲ್ಲೇ ತಲೆ ತೊಳ್ಕೋತಾರೆ. ಅವರ ಕೂದಲು ನೋಡಿದ್ರೆ ನೀವು ದಂಗಾಗ್ತೀರಿ. ನೆಲ ಮುಟ್ತದೆ."

"ಅಕ್ಕಿ ತೊಳೆದ ನೀರು ಅಂದ್ರೆ ಅಕ್ಕಚ್ಚು ತಾನೇ?"

"ರೈಸ್ ವಾಟರ್."

"ಅದೇ, ಅಕ್ಕಚ್ಚು. ನಮ್ಮ ಗೌರಿ ಕರುವಾಗಿದ್ದಾಗಿನಿಂದ ಅದನ್ನೇ ಕುಡೀತಿದ್ದಾಳೆ. ಹೋಗಿ ಅವಳ ಬಾಲ ನೋಡ್ಕೊಂಡು ಬಾ."

"ಕುಡಿಯೋದಲ್ಲ ದೊಡ್ಡಮ್ಮ, ಹಚ್ಚೋದು."

"ಬಕೆಟಿಗೆ ಕೊಂಬಿನವರೆಗೂ ಮುಖ ಹಾಕಿ ಕುಡೀತಾಳೆ. ಇನ್ನು ಹೇಗೆ ಹಚ್ಚಬೇಕು? ಇಲ್ಲಿ ಕೇಳು. ನೀನು ಬಂದಾಗಿನಿಂದ ಅಕ್ಕಚ್ಚು ಬಚ್ಚಲಿಗೆ ಹೋಗ್ತಿದೆ, ಕೊಟ್ಟಿಗೆಗೆ ಹೋಗ್ತಿಲ್ಲ. ಗೌರಿಗೆ ಸಿಟ್ಟು. ಮೊದಲೇ ಮಲೆನಾಡು ಗಿಡ್ಡ, ಕೊಡೋದೇ ಒಂದೆರಡು ಲೀಟರ್. ಅದರಲ್ಲೂ ಕಡಿಮೆ ಮಾಡಿದ್ದಾಳೆ. ಹಾಲು ಕಡಿಮೆಯಾದ್ರೆ ಮೊಸರು ಕಡಿಮೆ. ಮೊಸರು ಕಡಿಮೆಯಾದ್ರೆ ನಾಳೆ ನಿನ್ನಪ್ಪನ ತಲೆಗೆ ಎಂತ ಹಚ್ತೀರಿ? ಇದನ್ನ ಆ ಚೀನಾದವರು ಯೋಚನೆ ಮಾಡಿದ್ದಾರಾ?"

ಇದಕ್ಕೆ ಮೇಷ್ಟ್ರ ಹತ್ತಿರವೂ ಉತ್ತರ ಇರಲಿಲ್ಲ. ಅವರು ಕಾಫಿ ಇನ್ನೂ ಇದೆಯಾ ಎಂದು ಕೇಳಿದರು.

ಕಾಫಿ ಬಗ್ಗಿಸುತ್ತಾ ಸುಮನ ಕಣ್ಣು ಗಿರಿಜನ ಜಡೆಯ ಮೇಲೆ ಬಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಲಾರದಷ್ಟು ದಪ್ಪ. ಮಣೆಯ ಮೇಲೆ ಕೂತರೆ ತುದಿ ನೆಲದಲ್ಲಿ ಸುತ್ತಿಕೊಂಡು ಬೀಳುತ್ತದೆ. ಅಡಿಕೆ ಸಿಪ್ಪೆಯ ಜೊತೆ ಗುಡಿಸಿ ಹೋಗದಿರಲಿ ಎಂದು ಅವಳು ಅದನ್ನು ಆಗಾಗ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಾಳೆ.

"ಗಿರಿಜಕ್ಕ, ನೀವು ತಲೆಗೆ ಏನು ಹಾಕ್ತೀರಿ?"

ನಾಗೇಶನ ಟವೆಲ್ ಕೂಡ ಆ ಕಡೆ ತಿರುಗಿತು.

"ಎಂತ ಇಲ್ಲಪ್ಪ. ಅಂಗಡಿಯಲ್ಲಿ ನೇತು ಹಾಕಿರ್ತಾರಲ್ಲ, ಶಾಂಪೂ ಪೊಟ್ಟಣ. ಹಲ್ಲಲ್ಲಿ ಕಚ್ಚಿ ಹರಿದು ಹಾಕ್ಕೊಳ್ಳೋದು."

"ಯಾವ ಕಂಪನಿಯದ್ದು?"

"ಅಂಗಡಿಯವ ಯಾವುದು ಕಿತ್ತು ಕೊಡ್ತಾನೋ ಅದು."

ಸುಮನಿಗೆ ನಂಬಿಕೆ ಬರಲಿಲ್ಲ. "ಮತ್ತೆ ಎಣ್ಣೆ? ಕರಿಬೇವು ಹಾಕಿ ಕಾಯಿಸ್ತೀರಾ?"

"ನಮ್ಮಮ್ಮನಿಗೂ ಹಿಂಗೇ ಇತ್ತು. ಅಜ್ಜಿಗೂ ಇತ್ತಂತೆ" ಎಂದು ಗಿರಿಜ ಇನ್ನೊಂದು ಅಡಿಕೆ ಕತ್ತಿಗೆ ಒತ್ತಿದಳು. ಅವಳ ಪ್ರಕಾರ ಮಾತು ಮುಗಿದಿತ್ತು.

"ನೋಡಿದೆಯಾ, ಅವಳ ಪಾಲಿಗೆ ಜಡೆ ಬಂತು" ಎಂದಳು ಕಾವೇರಕ್ಕ. "ಅದಕ್ಕೇ ಅವಳು ವಿಡಿಯೋ ಮಾಡಲ್ಲ. ಮಾಡಿದ್ರೆ ಒಂದೇ ಸಾಲು. ಸರಿಯಾದ ತಾಯಿ ಹೊಟ್ಟೆಯಲ್ಲಿ ಹುಟ್ಟಿ, ಲೈಕ್ ಮಾಡಿ."

"ಹಂಗಾದ್ರೆ ಹಿಂದಿನವರು ಹಾಕ್ತಿದ್ದದ್ದೆಲ್ಲ ಸುಳ್ಳಾ ಅತ್ತಿಗೆ?" ನಾಗೇಶ ಈಗ ಹಿರಿಯರನ್ನು ಮುಂದೆ ಮಾಡಿದ. ಸೋಲುವ ಹೊತ್ತಿಗೆ ಹಿರಿಯರು ನೆನಪಾಗುವುದು ಇವನೊಬ್ಬನಿಗೇ ಅಲ್ಲ ಬಿಡಿ.

"ಸುಳ್ಳು ಅಂತ ಯಾರಂದರು? ಆದರೆ ಅವರು ಅಡುಗೆಮನೆಗೆ ಕೈ ಹಾಕ್ತಿರಲಿಲ್ಲ. ತಲೆಗೆ ಬೇಕಾದ್ದೆಲ್ಲ ಹೊರಗಿತ್ತು. ದಾಸವಾಳದ ಎಲೆ ಬೇಲಿಯಲ್ಲಿ. ಗರುಗದ ಸೊಪ್ಪು ಗದ್ದೆ ಅಂಚಲ್ಲಿ. ಅಂಟುವಾಳ ಮರದಲ್ಲಿ. ಗೊಂಪಿಗೆ ಮತ್ತಿ ಸೊಪ್ಪು ಬೆಟ್ಟದಲ್ಲಿ. ಅದೆಲ್ಲ ಹಿತ್ತಲ ಬಾಗಿಲಿಂದ ನೇರ ಬಚ್ಚಲಿಗೆ ಬರ್ತಿತ್ತು. ಒಳಗಿನ ಸಾಮಾನು ಹೊಟ್ಟೆಗೆ, ಹೊರಗಿನದ್ದು ತಲೆಗೆ. ಎರಡಕ್ಕೂ ಸೇರಿದ್ದು ಕೊಬ್ಬರಿ ಎಣ್ಣೆ ಒಂದೇ."

"ಕೊಬ್ಬರಿ ಎಣ್ಣೆಗೆ ಪುರಾವೆ ಇದೆ" ಎಂದು ಮೇಷ್ಟ್ರು ನಡುವೆ ಬಂದರು. "2003ರಲ್ಲಿ ಮುಂಬೈಯಲ್ಲಿ ಮೂರು ಎಣ್ಣೆ ಹೋಲಿಸಿ ನೋಡಿದ್ದಾರೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ, ಮಿನರಲ್ ಆಯಿಲ್. ಕೊಬ್ಬರಿ ಎಣ್ಣೆ ಮಾತ್ರ ಕೂದಲಿನ ಒಳಗೆ ಇಳಿದು, ಪ್ರೋಟೀನ್ ಸೋರಿ ಹೋಗೋದನ್ನ ಕಡಿಮೆ ಮಾಡಿತು."

"ಯಾರು ನೋಡಿದ್ದು?"

"ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ."

"ಇರಲಿ ಬಿಡಿ. ಅಡಿಕೆ ಒಳ್ಳೇದು ಅಂತ ನಾವೂ ಹೇಳ್ತೀವಲ್ಲ."

ಒಂದು ಗಳಿಗೆ ಕತ್ತಿಗೆ ಸಿಪ್ಪೆ ಸಿಗಿಯುವ ಸದ್ದು ಮಾತ್ರ. ಮುಂಚೆ ಈ ಜಗಲಿಯಲ್ಲಿ ಕೂರಲು ಜಾಗ ಸಾಲುತ್ತಿರಲಿಲ್ಲ. ಈಗ ಸುತ್ತಲಿನ ಮನೆಗಳಲ್ಲೆಲ್ಲ ಸುಲಿಯುವ ಮಿಷನ್ ಬಂದಿದೆ. ಅದು ಗಂಟೆಗಟ್ಟಲೆ ಸುಲಿಯುತ್ತದೆ. ಹರಟೆ ಹೊಡೆಯುವುದಿಲ್ಲ, ಕಾಫಿ ಕೇಳುವುದಿಲ್ಲ. ಈ ಮನೆಗೂ ಬರುವ ವರ್ಷ ಅದು ಬರುತ್ತದಂತೆ.

"ಮತ್ತಿ ಗೊಂಪು ಅಂದ್ರೆ ಹೇಗಿರ್ತದೆ ದೊಡ್ಡಮ್ಮ?" ಸುಮ ಈ ಸಲ ಫೋನ್ ಕೆಳಗಿಟ್ಟು ಕೇಳಿದಳು.

"ಸೊಪ್ಪನ್ನ ನೀರಲ್ಲಿ ಹಾಕಿ ಕಿವುಚೋದು. ಲೋಳೆ ಬಿಡ್ತದೆ, ಕೈಯಲ್ಲಿ ನಿಲ್ಲಲ್ಲ, ಜಾರ್ತದೆ. ಅಜ್ಜಿ ನಮ್ಮನ್ನೆಲ್ಲ ಸಾಲಾಗಿ ಕೂರಿಸ್ತಿದ್ದಳು. ನೆತ್ತಿಗೆ ಎಣ್ಣೆ ಹಾಕಿ ಪಟಪಟ ತಟ್ಟೋಳು. ಹಂಡೆ ಒಲೆಗೆ ಅಡಿಕೆ ಸಿಪ್ಪೆ, ಹೊಗೆಗೆ ಕಣ್ಣು ಬಿಡೋ ಹಾಗಿಲ್ಲ. ಸೀಗೆಪುಡಿ ಕಣ್ಣಿಗೆ ಬಿದ್ದರಂತೂ ಕೂಗಿದ್ದು ಆಚೆ ಕೇರಿಗೆ ಕೇಳಬೇಕು. ಅಲ್ಲಾಡಿದ್ರೆ ಬೆನ್ನಿಗೊಂದು ಬೀಳ್ತಿತ್ತು. ಆಮೇಲೆ ಅದೇ ಕೈಯಲ್ಲಿ ತಲೆ ಒರೆಸೋಳು." ಕಾವೇರಕ್ಕ ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕುವುದು ಮರೆತು ಕೈಯಲ್ಲೇ ಹಿಡಿದಿದ್ದಳು. "ಆಗ ನಮ್ಮ ತಲೆಗೆ ಯಾರೋ ಹಚ್ಚೋರಿದ್ದರು. ಈಗ ನಾಗೇಶ ಒಬ್ಬನೇ ಕನ್ನಡಿ ಮುಂದೆ ನಿಂತು, ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಮೆಂತ್ಯ ಮೆತ್ತಿಕೊಳ್ತಾನೆ. ನೋಡೋಕೆ ಪಾಪ ಅನ್ನಿಸ್ತದೆ. ಮೆಂತ್ಯದ ಮೇಲೂ ಪಾಪ ಅನ್ನಿಸ್ತದೆ."

"ಈಗ ತರಬಹುದಲ್ಲ, ಮತ್ತಿ ಸೊಪ್ಪು?"

"ಎಲ್ಲಿಂದ? ಬೆಟ್ಟಕ್ಕೆ ಹೋಗಿ ನೋಡು, ಕಣ್ಣು ಹಾಯಿಸಿದಷ್ಟು ದೂರ ಅಕೇಶಿಯಾ. ಅದನ್ನ ಕಿವುಚಿದ್ರೆ ಕೈ ಗೀರಿ ಹೋಗ್ತದೆ ಅಷ್ಟೇ. ಪೇಟೆಯಲ್ಲಿ ದಾಸವಾಳದ ಪುಡಿ ಅಂತ ಪ್ಯಾಕೆಟ್ ಇದೆಯಂತೆ. ಮನೆ ಮುಂದೆ ದಾಸವಾಳ ಇಟ್ಟುಕೊಂಡು ಇವನು ಶಿವಮೊಗ್ಗದಿಂದ ಅದನ್ನ ತಂದಿದ್ದ."

"ಅದು ಆರ್ಗ್ಯಾನಿಕ್ ಅತ್ತಿಗೆ."

"ನಮ್ಮ ಬೇಲಿಯದ್ದು ಪ್ಲಾಸ್ಟಿಕ್ಕಾ?"

ನಾಗೇಶ ಟವೆಲ್ ಬಿಚ್ಚಿದ. ಒಣಗಿದ ಮೆಂತ್ಯ ಚೂರುಚೂರಾಗಿ ಹೆಗಲ ಮೇಲೆ ಉದುರಿತು. ಕೂದಲು ಬೆಳೆಯುವುದನ್ನು ಅವನೂ ಒಳಗೊಳಗೇ ಕೈಬಿಟ್ಟ ಹಾಗೆ ಕಾಣುತ್ತಿತ್ತು. ಅಂಚಿನಲ್ಲಿ ಉಳಿದ ನಾಲ್ಕು ಎಳೆ ಮುಟ್ಟಿ ನೋಡಿಕೊಂಡ. "ಬೆಳೆಯೋದು ಹಾಳಾಗಿ ಹೋಗಲಿ. ಇರೋದು ಕಪ್ಪಾದ್ರೂ ಸಾಕಿತ್ತು. ಡೈ ಹಾಕಿದ್ರೆ ನಂಗೆ ತುರಿಕೆ. ಮದರಂಗಿ ಹಾಕಿದ್ರೆ ಕೆಂಪು. ಅತ್ತಿಗೆ, ಈ ಅಡಿಕೆ ಬೇಯಿಸಿದ ಚೊಗರು ಇದೆಯಲ್ಲ..."

"ಬೇಡ" ಎಂದಳು ಕಾವೇರಕ್ಕ.

"ಅಡಿಕೆಗೆ ಬಣ್ಣ ಬರೋದು ಅದರಿಂದಲೇ ತಾನೇ?"

"ಬೇಡ ಅಂದೆ. ನನ್ನ ಕೈ ನೋಡು. ಈ ಕಲೆ ಶಿವರಾತ್ರಿವರೆಗೂ ಹೋಗಲ್ಲ. ಸೋಪು, ಹುಣಸೆಹಣ್ಣು, ಎಂತ ಹಾಕಿ ತಿಕ್ಕಿದ್ರೂ ಹೋಗಲ್ಲ."

ನಾಗೇಶನ ಮುಖ ಅರಳಿತು. "ಹೋಗಲ್ಲ ಅಂದ್ರೆ ಪರ್ಮನೆಂಟ್!"

"ಅಯ್ಯೋ, ಕೂದಲಿಗಷ್ಟೇ ಅಲ್ಲ ಮಾರಾಯ, ತಲೆ ಚರ್ಮವೂ ಕಪ್ಪಾಗ್ತದೆ."

"ಚರ್ಮ ಕಪ್ಪಾದ್ರೆ ಬೋಳು ಕಾಣಲ್ಲ!"

ಸುಮ ಫೋನ್ ಎತ್ತಿಕೊಂಡು ಕ್ಯಾಮೆರಾ ಕಾವೇರಕ್ಕನ ಕೈಗೆ ಹಿಡಿದಳು. "ದೊಡ್ಡಮ್ಮ, ಹುಣಸೆಹಣ್ಣಿಗೂ ಹೋಗಲ್ಲ ಅಂದ್ರಲ್ಲ, ಅದನ್ನ ಇನ್ನೊಂದು ಸಲ ಹೇಳಿ. ಇಲ್ಲಿ ನೋಡ್ಕೊಂಡು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಚೊಗರಿನಲ್ಲಿರುವ ಟ್ಯಾನಿನ್ ಎಂದರೇನು ಎಂದು ಹೇಳಲು ಬಾಯಿ ತೆರೆದವರು ತಮ್ಮ ಬಿಳಿ ಕ್ರಾಪಿನ ಮೇಲೊಮ್ಮೆ ಕೈಯಾಡಿಸಿ, "ಹಚ್ಚಿ ಎಷ್ಟು ಹೊತ್ತು ಬಿಡಬೇಕಾಗಬಹುದು?" ಎಂದು ಕೇಳಿದರು.

"ಮೇಷ್ಟ್ರೇ, ನೀವೂನಾ!"

ಆಗ ಮೂಲೆಯಿಂದ ಶ್ರೀಪತಿ ಆ ರಾತ್ರಿಯ ಮೊದಲ ಮಾತಾಡಿದ.

"ಹಂಡೆಯಲ್ಲಿ ಇನ್ನೂ ಅರ್ಧ ಇದೆ."