ಲೇಸರ್ ಹೊಡೆದು ಮೇಲಿಂದ ಫಿಲ್ಲರ್ ಹಚ್ಚಿದರೆ ಒಳಗೆ ಇಳಿಯುತ್ತಾ?

ಸಂಪಿಗೆ_ಬೆಂಗಳೂರು:
ಮೊಡವೆ ಹೋಯ್ತು, ಕೆನ್ನೆ ತುಂಬಾ ಗುಳಿ ಉಳಿಯಿತು. ಒಂದು ಕ್ಲಿನಿಕ್‌ನಲ್ಲಿ ಫ್ರ್ಯಾಕ್ಷನಲ್ ಸಿಒ2 ಲೇಸರ್ ಹೊಡೆದು, ಕೂಡಲೇ ಮೇಲಿಂದ ಫಿಲ್ಲರ್ (ಗುಳಿ ತುಂಬಿಸೋಕೆ ಬಳಸುವ ಔಷಧಿ) ಹಚ್ಚುತ್ತೇವೆ, ಸೂಜಿಯೇ ಬೇಡ ಅಂದರು. ಯಾವ ಫಿಲ್ಲರ್ ಅಂತ ಕೇಳಿದರೆ "ಇಂಪೋರ್ಟೆಡ್ ಮೇಡಂ" ಅಷ್ಟೇ. ಸೂಜಿ ಅಂದ್ರೆ ನನಗೆ ಕೈಕಾಲು ನಡುಗುತ್ತೆ, ಅದಕ್ಕೇ ಆಸೆ. ನಂಬಬಹುದಾ?

ಚರ್ಮದ_ಡಾಕ್ಟ್ರು:
ವಿಧಾನ ಸುಳ್ಳಲ್ಲ, ಆದರೆ ನಿಮಗೆ ಅರ್ಧ ಮಾತ್ರ ಹೇಳಿದ್ದಾರೆ. ಚರ್ಮದ ಮೇಲ್ಪದರ ಸುಮಾರು 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುವನ್ನು ಒಳಗೆ ಬಿಡುವುದೇ ಕಷ್ಟ. ಲೇಸರ್ ಅಲ್ಲಿ ಸಣ್ಣ ಸಣ್ಣ ರಂಧ್ರ ಕೊರೆಯುತ್ತೆ, ಅವು ಮುಚ್ಚುವ ಮೊದಲು ಹಚ್ಚಿದ್ದು ಸ್ವಲ್ಪ ಇಳಿಯುತ್ತೆ. ಗುಳಿಗಳಿಗೆ ಹೀಗೆ ಹಚ್ಚಿ ನೋಡಿರುವುದು ಪಾಲಿ-ಎಲ್-ಲ್ಯಾಕ್ಟಿಕ್ ಆ್ಯಸಿಡ್, ಸ್ಕಲ್ಪ್ಟ್ರಾ ಅನ್ನೋ ಬ್ರ್ಯಾಂಡ್ ಹೆಸರಲ್ಲಿ ಸಿಗುತ್ತೆ. ಅದು ಜಾಗ ತುಂಬುವ ಜೆಲ್ ಅಲ್ಲ, ನಿಮ್ಮದೇ ಕೊಲ್ಯಾಜನ್ (ಚರ್ಮವನ್ನು ಗಟ್ಟಿಯಾಗಿಡುವ ಪ್ರೋಟೀನ್) ಬೆಳೆಸುತ್ತೆ, ಫಲ ಕಾಣೋಕೆ ತಿಂಗಳುಗಳೇ ಬೇಕು. ಜಾಗ ತುಂಬುವ ಹೈಯಲುರಾನಿಕ್ ಜೆಲ್ ಹಚ್ಚಿ ಸೂಜಿಯಲ್ಲಿ ತುಂಬಿದ ಹಾಗೆ ಉಬ್ಬುತ್ತೆ ಅಂದರೆ ಒಪ್ಪಬೇಡಿ.

ಗಿರಿಜಾ_ಮೈಸೂರು:
ನಾನು ಬರೀ ಲೇಸರ್ ಮಾಡಿಸಿದ್ದೆ. ಕಂದು ಸಿಪ್ಪೆ ಎದ್ದು ಉದುರಿತು, ಗುಳಿ ಸ್ವಲ್ಪ ತುಂಬಿತು, ಆದರೆ ಅದೇ ಜಾಗದಲ್ಲಿ ಕಪ್ಪು ಕಲೆ ಬಂದು ಹೋಗೋಕೆ ಪ್ರಾಣ ಹಿಂಡಿತು. ನಮ್ಮ ಬಣ್ಣದ ಚರ್ಮಕ್ಕೆ ಇದು ಜಾಸ್ತಿ ಅಂತ ಮೊದಲೇ ಯಾರೂ ಹೇಳಲಿಲ್ಲ ನೋಡಿ. ಬಿಸಿಲಿಗೆ ಹೋಗಲೇಬೇಕಾದ ಕೆಲಸ ನಿಮ್ಮದಾದರೆ ಎರಡು ಸಲ ಯೋಚಿಸಿ.

ಸುಮ್ನೆ_ಓದುಗ:
ಸೂಜಿ ಬೇಡ ಅಂತ ಆನ್‌ಲೈನ್‌ನಲ್ಲಿ ಹೈಯಲುರಾನ್ ಪೆನ್ ತರಿಸಿಕೊಳ್ಳಬೇಡಿ ದಯವಿಟ್ಟು! ಒತ್ತಡದಿಂದ ಜೆಲ್ ಒಳಗೆ ನುಗ್ಗಿಸುವ ಸಾಧನ ಅದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಬೇಡ ಅಂತ ಎಚ್ಚರಿಸಿದೆ.

ಸಂಪಿಗೆ_ಬೆಂಗಳೂರು:
ಅಯ್ಯೋ, ಆ ಪೆನ್ ನನ್ನ ಕಾರ್ಟ್‌ನಲ್ಲೇ ಇತ್ತು, ತೆಗೆದೆ. ಡಾಕ್ಟ್ರೇ, ಕ್ಲಿನಿಕ್‌ನಲ್ಲಿ ಏನು ಕೇಳಲಿ?

ಚರ್ಮದ_ಡಾಕ್ಟ್ರು:
ಬಾಟಲಿ ನಿಮ್ಮೆದುರೇ ತೆರೆಯಲಿ, ಹೆಸರು, ಬ್ಯಾಚ್ ನಂಬರ್ ಫೋಟೋ ತೆಗೆದುಕೊಳ್ಳಿ. ಚುಚ್ಚೋಕೆ ಅಂತಲೇ ತಯಾರಾದ ಸ್ಟೆರೈಲ್ ಔಷಧಿಯೇ ಆಗಬೇಕು. ಮುಖಕ್ಕೆ ಹಚ್ಚುವ ಸಾಮಾನ್ಯ ಸೀರಮ್ ರಂಧ್ರದೊಳಗೆ ಹೋದರೆ ಗ್ರ್ಯಾನ್ಯುಲೋಮಾ ಅನ್ನೋ ಗಂಟು ಏಳಬಹುದು, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮಕ್ಕೆ ರಂಧ್ರ ಮಾಡುವುದು) ಮಾಡಿಸಿದವರಲ್ಲಿ ಹೀಗಾಗಿದೆ. ಇನ್ನೊಂದು, ಹೈಯಲುರಾನಿಕ್ ಕೆಟ್ಟರೆ ಕರಗಿಸೋಕೆ ಇಂಜೆಕ್ಷನ್ ಇದೆ, ಸ್ಕಲ್ಪ್ಟ್ರಾಗೆ ಇಲ್ಲ. ತುಟಿ ಹತ್ತಿರ ಆಗಾಗ ಹರ್ಪಿಸ್ ಗುಳ್ಳೆ ಏಳುತ್ತಿದ್ದರೆ ಲೇಸರ್‌ಗೆ ಮುಂಚೆಯೇ ಹೇಳಿಬಿಡಿ, ಲೇಸರ್‌ನಿಂದ ಅದು ಮತ್ತೆ ಏಳದ ಹಾಗೆ ಮಾತ್ರೆ ಶುರು ಮಾಡ್ತಾರೆ.