ಮನೆಯಲ್ಲಿ ಧ್ವನಿಮುದ್ರಣ: ಯುಎಸ್‌ಬಿಯೋ, ಥಂಡರ್‌ಬೋಲ್ಟೋ, ಹಳೆಯ ಫೈರ್‌ವೈರೋ?

ಡೊಂಬಿವಲಿಯ ಹಾರ್ಮೋನಿಯಂ
ನಮ್ಮ ಮನೆಯ ಒಳಕೋಣೆಯಲ್ಲಿ ಗಾಯನ, ಹಾರ್ಮೋನಿಯಂ, ತಬಲಾ ಮೂರನ್ನೂ ಒಟ್ಟಿಗೆ ಮುದ್ರಿಸಿಕೊಳ್ಳಬೇಕೆಂದಿದ್ದೇನೆ. ಮೈಕ್‌ಗಳಿವೆ, ಅವುಗಳ ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ, ಅಂದರೆ ಆಡಿಯೊ ಇಂಟರ್‌ಫೇಸ್ ಮಾತ್ರ ಕೊಳ್ಳಬೇಕು. ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳಬಾರದೆಂದಿದ್ದರೆ ಥಂಡರ್‌ಬೋಲ್ಟ್ ಎಂಬ ವೇಗದ ಜೋಡಣೆ ಬಿಟ್ಟು ಬೇರೆ ದಾರಿಯಿಲ್ಲ ಎಂದು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಹೇಳಿದರು. ಪುಣೆಯಲ್ಲಿರುವ ನನ್ನ ಭಾವ ತಮ್ಮ ಎಂಟು ಮೈಕ್‌ಗಳ ಫೈರ್‌ವೈರ್ ಎಂಬ ಹಳೆಯ ಬಗೆಯ ಜೋಡಣೆಯ ಪೆಟ್ಟಿಗೆಯನ್ನು ಹೆಚ್ಚುಕಡಿಮೆ ಬಿಟ್ಟಿಯಾಗಿಯೇ ಕೊಡುತ್ತೇನೆ ಎನ್ನುತ್ತಾರೆ. ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಒಂದು ಟೈಪ್-ಸಿ ಕಿಂಡಿ, ಎರಡು ಸಾಮಾನ್ಯ ಯುಎಸ್‌ಬಿ ಕಿಂಡಿಗಳಿವೆ.

ಮುಲುಂಡಿನ ಶ್ರೋತೃ
ಕಿಂಡಿಯ ಆಕಾರವನ್ನು ನೋಡಿ ಮೋಸಹೋಗಬೇಡಿ. ಟೈಪ್-ಸಿ ಎಂಬುದು ಕಿಂಡಿಯ ಹೆಸರೇ ಹೊರತು ವೇಗದ ಹೆಸರಲ್ಲ. 2015ರಲ್ಲಿ ಬಂದ ಥಂಡರ್‌ಬೋಲ್ಟ್ 3 ಅದೇ ಕಿಂಡಿಯನ್ನು ಬಳಸತೊಡಗಿದ್ದರಿಂದ ಈ ಗೊಂದಲ ಹುಟ್ಟಿತು. ನಿಮ್ಮ ಲ್ಯಾಪ್‌ಟಾಪಿನ ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತಿದೆಯೇ ನೋಡಿ, ತಯಾರಕರ ವಿವರಪಟ್ಟಿಯನ್ನೂ ಓದಿ. ಅದರಲ್ಲಿ ಥಂಡರ್‌ಬೋಲ್ಟ್ ಇಲ್ಲದಿದ್ದರೆ ಅಂಗಡಿಯವರ ಸಲಹೆ ಅಲ್ಲಿಗೇ ಮುಗಿಯಿತು.

ಇನ್ನು ವೇಗದ ಲೆಕ್ಕ. 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ, ಅಂದರೆ ದನಿಯನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆದು ಪ್ರತಿ ಅಳತೆಯನ್ನೂ (ಸ್ಯಾಂಪಲ್) 24 ಬಿಟ್‌ಗಳಲ್ಲಿ ಬರೆದಾಗ, ಒಂದು ಚಾನೆಲ್‌ಗೆ ಸೆಕೆಂಡಿಗೆ 1.15 ಮೆಗಾಬಿಟ್ ಸಾಕಾಗುತ್ತದೆ. ನಾಲ್ಕು ಮೈಕ್ ಒಳಕ್ಕೆ, ನಾಲ್ಕು ಚಾನೆಲ್ ಹೊರಕ್ಕೆ ಎಂದುಕೊಂಡರೂ ಹತ್ತು ಮೆಗಾಬಿಟ್ ದಾಟುವುದಿಲ್ಲ. 2000ನೇ ಇಸವಿಯ ಯುಎಸ್‌ಬಿ 2.0 ದಾರಿಯ ಅಗಲವೇ 480 ಮೆಗಾಬಿಟ್. ಎತ್ತಿನ ಗಾಡಿ ಹೋಗಬೇಕಾದ ಕಡೆ ಎಂಟು ಪಥಗಳ ಹೆದ್ದಾರಿ ಏಕೆ?

ಕೋಥ್ರೂಡ್ ನಿವಾಸಿ
ಹೆದ್ದಾರಿಯ ಅಗಲದ ಮಾತನ್ನು ಒಪ್ಪುತ್ತೇನೆ, ಆದರೆ ಅದು ಪ್ರಶ್ನೆಗೆ ಉತ್ತರವಲ್ಲ. ಅವರು ಕೇಳಿದ್ದು ತಡವಾಗುವುದರ ಬಗ್ಗೆ, ತಡವಾಗುವುದು ಬಫರ್‌ನಿಂದ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಸಾಗಿಸುವ ಸ್ಯಾಂಪಲ್‌ಗಳ ಕಂತೆಯಿಂದ. 128 ಸ್ಯಾಂಪಲ್‌ಗಳ ಬಫರ್ ಎಂದರೆ 48 ಕಿಲೋಹರ್ಟ್ಜ್‌ನಲ್ಲಿ 2.7 ಮಿಲಿಸೆಕೆಂಡ್, ಹೋಗಿಬರುವಾಗ ಅದು ಎರಡು ಪಟ್ಟಾಗುತ್ತದೆ, ದನಿಯನ್ನು ಅಂಕಿಗಳಾಗಿ, ಅಂಕಿಗಳನ್ನು ದನಿಯಾಗಿ ಪರಿವರ್ತಿಸುವ ಕಾಲವೂ ಡ್ರೈವರ್ (ಪೆಟ್ಟಿಗೆಯನ್ನು ನಡೆಸುವ ತಂತ್ರಾಂಶ) ಇಟ್ಟುಕೊಳ್ಳುವ ಹೆಚ್ಚುವರಿ ಬಫರ್‌ಗಳೂ ಅದರ ಮೇಲೆ ಸೇರುತ್ತವೆ. ಥಂಡರ್‌ಬೋಲ್ಟ್ ಕಂಪ್ಯೂಟರಿನ ಒಳಗಿನ ಪಿಸಿಐ ಎಕ್ಸ್‌ಪ್ರೆಸ್ ಎಂಬ ವೇಗದ ಮಾರ್ಗಕ್ಕೇ ನೇರವಾಗಿ ಸೇರುವುದರಿಂದ ನಾನು 32 ಸ್ಯಾಂಪಲ್‌ಗಳಲ್ಲಿ ನೆಮ್ಮದಿಯಾಗಿ ಕೆಲಸ ಮಾಡುತ್ತೇನೆ, ಸಾಫ್ಟ್‌ವೇರಿನ ರಿವರ್ಬ್ (ಮಾರ್ದನಿ) ಹಾಕಿಕೊಂಡೇ ಹಾಡುತ್ತೇನೆ.

ಮುಲುಂಡಿನ ಶ್ರೋತೃ
ಶಬ್ದವು ಒಂದು ಮಿಲಿಸೆಕೆಂಡಿನಲ್ಲಿ ಗಾಳಿಯಲ್ಲಿ 34 ಸೆಂಟಿಮೀಟರ್ ಸಾಗುತ್ತದೆ. ಹತ್ತು ಮಿಲಿಸೆಕೆಂಡ್ ತಡವೆಂದರೆ ತಬಲಾದವರು ಮೂರೂವರೆ ಮೀಟರ್ ದೂರ ಕುಳಿತಂತೆ. ವೇದಿಕೆಯ ಮೇಲೆ ಅಷ್ಟು ದೂರ ಕುಳಿತು ನುಡಿಸುವವರು ಬೇಕಾದಷ್ಟು ಮಂದಿಯಿದ್ದಾರೆ.

ಕೋಥ್ರೂಡ್ ನಿವಾಸಿ
ಆ ಹೋಲಿಕೆ ತಬಲಾದವರಿಗೆ ಸಲ್ಲುತ್ತದೆ, ಗಾಯಕರಿಗೆ ಸಲ್ಲುವುದಿಲ್ಲ. ಗಾಯಕರು ತಮ್ಮ ದನಿಯನ್ನು ತಲೆಯ ಎಲುಬಿನ ಮೂಲಕ ತಡವಿಲ್ಲದೆ ಕೇಳುತ್ತಿರುತ್ತಾರೆ. ಹೆಡ್‌ಫೋನಿನಿಂದ ಅದೇ ದನಿ ಕೆಲವು ಮಿಲಿಸೆಕೆಂಡ್ ತಡವಾಗಿ ಬಂದು ಬೆರೆತಾಗ ಸ್ವರ ಪೊಳ್ಳಾಗಿ, ಡಬ್ಬದೊಳಗಿನಿಂದ ಬಂದಂತೆ ಕೇಳಿಸುತ್ತದೆ.

ಮುಲುಂಡಿನ ಶ್ರೋತೃ
ಇದು ಸರಿಯಾದ ಮಾತು, ನನ್ನ ಹೋಲಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಇದಕ್ಕೆ ಪರಿಹಾರ ಡೈರೆಕ್ಟ್ ಮಾನಿಟರಿಂಗ್: ಮೈಕಿನ ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ಪೆಟ್ಟಿಗೆಯಿಂದ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಇದು ಅಗ್ಗದ ಯುಎಸ್‌ಬಿ ಪೆಟ್ಟಿಗೆಗಳಲ್ಲೂ ಇದೆ. ಸಾಫ್ಟ್‌ವೇರಿನ ರಿವರ್ಬ್ ಆಗ ಕೇಳಿಸದು ನಿಜ, ಆದರೆ ಹಾರ್ಮೋನಿಯಂ ಜೊತೆಗೆ ಹಾಡುವವರಿಗೆ ಅದರ ಹಂಗೇಕೆ? ವಿಂಡೋಸ್‌ನಲ್ಲಿ ತಯಾರಕರೇ ಬರೆದ ಆಸಿಯೋ (ASIO, ತಡವನ್ನು ಕಡಿಮೆ ಮಾಡುವ ಬಗೆಯ) ಡ್ರೈವರ್ ಇರುವ ಪೆಟ್ಟಿಗೆಯನ್ನೇ ಆರಿಸಿ. ಕೆಟ್ಟ ಡ್ರೈವರ್ ಇದ್ದರೆ ಯಾವ ಕಿಂಡಿಯೂ ಕಾಪಾಡದು.

ವಾಸ್ಕೋದ ಮದ್ದಳೆ
ಫೈರ್‌ವೈರನ್ನು ಯಾರೂ ವಿಚಾರಣೆಗೇ ಕರೆಯಲಿಲ್ಲ, ಆದ್ದರಿಂದ ಅದರ ಪರವಾಗಿ ನಾನು ನಿಲ್ಲುತ್ತೇನೆ. ಗೋವಾದಲ್ಲಿ ನಮ್ಮ ತಾಳಮದ್ದಳೆ ಕೂಟಗಳನ್ನು ಹಳೆಯ ಮ್ಯಾಕ್ ಒಂದರಲ್ಲಿ ಫೈರ್‌ವೈರ್ ಮೂಲಕವೇ ಇಂದಿಗೂ ಮುದ್ರಿಸುತ್ತೇನೆ. ಮೂರು ಗಂಟೆಗಳ ಪ್ರಸಂಗದಲ್ಲಿ ಒಮ್ಮೆಯೂ ತಡವರಿಸಿಲ್ಲ. ಆದರೆ ಆ ಮ್ಯಾಕನ್ನು ನಾನು ಅಪ್‌ಡೇಟ್ ಮಾಡುವುದೂ ಇಲ್ಲ, ಇಂಟರ್ನೆಟ್‌ಗೆ ಜೋಡಿಸುವುದೂ ಇಲ್ಲ. ಆಪಲ್ 2025ರ ಮ್ಯಾಕ್ ಒಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿಯೇ ಇಲ್ಲ. ಭಾವನವರ ಪೆಟ್ಟಿಗೆಯನ್ನು ಅವರ ಹಳೆಯ ಕಂಪ್ಯೂಟರಿನ ಸಮೇತ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಮಾಟುಂಗಾದ ತಂಬೂರಿ
ನೀವೆಲ್ಲರೂ ಕಿಂಡಿಯ ಬಗ್ಗೆ ಮಾತನಾಡುತ್ತಿದ್ದೀರಿ, ಗೋಡೆಯ ಪ್ಲಗ್ಗಿನ ಬಗ್ಗೆ ಯಾರೂ ಕೇಳಲಿಲ್ಲ. ನಮ್ಮದು ಹಳೆಯ ಕಟ್ಟಡ, ಅರ್ಥಿಂಗ್ ಹೆಸರಿಗಷ್ಟೇ ಇತ್ತು. ಮೊದಲ ದಿನ ಮುದ್ರಿಸಿದಾಗ ಹಿನ್ನೆಲೆಯಲ್ಲಿ ಗುಂಯ್‌ಗುಡುವ ಸದ್ದು. 50 ಹರ್ಟ್ಜ್ ವಿದ್ಯುತ್ತಿನ ಗುಂಯ್‌ಕಾರದಲ್ಲಿ ಅದರ ಇಮ್ಮಡಿಯಾದ 100 ಹರ್ಟ್ಜ್ ಕೂಡ ಗಟ್ಟಿಯಾಗಿಯೇ ಇರುತ್ತದೆ. ನನ್ನ ಷಡ್ಜ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಆ ಶ್ರುತಿಯ ತಂಬೂರಿಯಲ್ಲಿ ಪಂಚಮದ ತಂತಿ ಸುಮಾರು 104 ಹರ್ಟ್ಜ್. ಇವೆರಡೂ ಒಂದಕ್ಕೊಂದು ಉಜ್ಜಿ ಸೆಕೆಂಡಿಗೆ ನಾಲ್ಕು ಸಲ ಅಲೆಯಾಗಿ ಏಳುತ್ತಿದ್ದವು, ನಾನೋ ತಂಬೂರಿಯ ಜೀವಾಳವನ್ನು (ತಂತಿಯ ಕೆಳಗೆ ಸೇರಿಸುವ ನೂಲು) ದೂರುತ್ತ ಒಂದು ವಾರ ಕಳೆದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದ ಕೂಡಲೇ ಅರ್ಧಕ್ಕಿಂತ ಹೆಚ್ಚು ಸದ್ದು ಅಡಗಿತು. ಉಳಿದದ್ದು ಎಲೆಕ್ಟ್ರಿಷಿಯನ್ ಬಂದು ಅರ್ಥ್ ತಂತಿಯನ್ನು ಸರಿಪಡಿಸಿದ ಮೇಲೆ ಹೋಯಿತು. ಸದ್ದು ನಿಲ್ಲಿಸಲು ಪ್ಲಗ್ಗಿನ ಮೂರನೇ ಕಡ್ಡಿಯನ್ನು ಮುರಿಯುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಡೊಂಬಿವಲಿಯ ಹಾರ್ಮೋನಿಯಂ
ಎಲ್ಲರಿಗೂ ಕೃತಜ್ಞತೆಗಳು. ನನ್ನ ಟೈಪ್-ಸಿ ಕಿಂಡಿಗೆ ಮಿಂಚಿನ ಗುರುತಿಲ್ಲ, ವಿವರಪಟ್ಟಿಯಲ್ಲೂ ಬರೀ ಯುಎಸ್‌ಬಿ ಎಂದಿದೆ. ನೆರೆಮನೆಯ ಹುಡುಗನಿಂದ ಎರಡು ಮೈಕ್‌ಗಳ ಯುಎಸ್‌ಬಿ ಪೆಟ್ಟಿಗೆಯನ್ನು ಕೇಳಿ ತಂದು ನೋಡಿದೆ. 128 ಸ್ಯಾಂಪಲ್‌ಗಳಲ್ಲಿ ಆಗಾಗ ಚಟಚಟ ಎಂದಿತು, 256ಕ್ಕೆ ಏರಿಸಿದಾಗ ನಿಂತಿತು. ಡೈರೆಕ್ಟ್ ಮಾನಿಟರಿಂಗ್ ಒತ್ತಿದ ಮೇಲೆ ಹಾಡುವಾಗ ತಡವೆನ್ನುವುದು ಗೊತ್ತೇ ಆಗಲಿಲ್ಲ. ಚಾರ್ಜರ್ ಹಾಕಿದಾಗ ಮಾಟುಂಗಾದವರು ಹೇಳಿದ ಗುಂಯ್‌ಕಾರ ನಮ್ಮಲ್ಲೂ ಇದೆ. ಯುಎಸ್‌ಬಿಯನ್ನೇ ಕೊಳ್ಳುತ್ತೇನೆ. ತಬಲಾಕ್ಕೆ ಎರಡು, ಗಾಯನಕ್ಕೊಂದು, ಹಾರ್ಮೋನಿಯಂಗೊಂದು, ಒಟ್ಟು ನಾಲ್ಕು ಮೈಕ್‌ಗಳು.

ಕೋಥ್ರೂಡ್ ನಿವಾಸಿ
ನಿಮ್ಮ ಲ್ಯಾಪ್‌ಟಾಪಿಗೆ ಅದೇ ಸರಿ. ಒಂದು ಎಚ್ಚರಿಕೆ: ನಾಲ್ಕು ಇನ್‌ಪುಟ್ ಎಂದು ಡಬ್ಬದ ಮೇಲೆ ಬರೆದಿರುವ ಹಲವು ಪೆಟ್ಟಿಗೆಗಳಲ್ಲಿ ಮೈಕ್‌ಗೆ ಇರುವುದು ಎರಡೇ, ಉಳಿದೆರಡು ಕೀಬೋರ್ಡಿನಂಥ ವಾದ್ಯಗಳ ಲೈನ್ ಇನ್‌ಪುಟ್‌ಗಳು. ಹಣ ಕೊಡುವ ಮೊದಲು ಪೆಟ್ಟಿಗೆಯ ಮುಂಭಾಗ, ಹಿಂಭಾಗ ಎರಡನ್ನೂ ತಿರುಗಿಸಿ, ಮೂರು ಕಡ್ಡಿಯ ಮೈಕ್ ಕಿಂಡಿಗಳನ್ನು ಕೈಯಾರೆ ಎಣಿಸಿ.