ಪಾಸ್ ಔಟ್ ಆದವರು, ಬಿದ್ದವರು

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ ಆರಕ್ಕೇ ಕುಶಾಲನಗರದ ಭಾವ ಒಂದು ಫಾರ್ವರ್ಡ್ ಹಾಕಿದರು.

"ಕಾಲೇಜಿನಿಂದ ಪಾಸ್ ಔಟ್ ಆದೆ ಅನ್ನಬೇಡಿ!! ಇಂಗ್ಲಿಷಿನಲ್ಲಿ ಅದರರ್ಥ ಮೂರ್ಛೆ ಹೋದೆ ಅಂತ. ಇಂಟರ್‌ವ್ಯೂನಲ್ಲಿ ಹೀಗೆ ಹೇಳಿ ಸಾವಿರಾರು ಜನ ಕೆಲಸ ಕಳೆದುಕೊಂಡಿದ್ದಾರೆ. ಎಲ್ಲರಿಗೂ ಕಳಿಸಿ."

ಅವರ ಮಗನಿಗೆ ಈ ವರ್ಷ ಡಿಗ್ರಿ ಮುಗಿಯುತ್ತೆ. ಚಿಂತೆ ಅದೇ.

ದೊಡ್ಡಪ್ಪ ನಿವೃತ್ತ ಸುಬೇದಾರ್. ಸುಮ್ನಿರ್ತಾರಾ?

ದೊಡ್ಡಪ್ಪ: ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಮುಗಿದಾಗ ನಡೆಯುವುದು ಪಾಸಿಂಗ್ ಔಟ್ ಪರೇಡ್. ಅಲ್ಲಿ ಹುಡುಗರು ಮೂರ್ಛೆ ಹೋಗ್ತಾರಾ? ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆಯವರು ಇಂಥದ್ದನ್ನು ಹಂಚಬಾರದು.

ಭಾವ: ನಾನು ಬರೆದದ್ದಲ್ಲ. ಬಂದದ್ದನ್ನು ಹಾಕಿದೆ ಅಷ್ಟೇ.

ದೊಡ್ಡಪ್ಪ: 2018ರ ಮಳೆಯಲ್ಲಿ ಡ್ಯಾಮ್ ಒಡೆಯಿತು ಅಂತ ಹಾಕಿದಾಗಲೂ ಇದನ್ನೇ ಹೇಳಿದ್ರಿ.

ತಂಗಿ: ಸೋರ್ಸ್ ಏನು ಭಾವ? ಇಂಟರ್‌ವ್ಯೂಗೆ ಹೋದವರಿಗೆ ಕೆಲಸ ಇನ್ನೂ ಸಿಕ್ಕೇ ಇಲ್ಲ, ಕಳೆದುಕೊಳ್ಳುವುದು ಹೇಗೆ? ಆಕ್ಸ್‌ಫರ್ಡ್ ಡಿಕ್ಷನರಿಯಲ್ಲಿ ಎರಡೂ ಅರ್ಥ ಇದೆ. ಪ್ರಜ್ಞೆ ತಪ್ಪುವುದು ಒಂದು. ಸೇನೆಯ ತರಬೇತಿ ಮುಗಿಸಿ ಹೊರಬರುವುದು ಇನ್ನೊಂದು, ಅದು ಬ್ರಿಟಿಷರ ಬಳಕೆ. ಕಾಲೇಜಿಗೂ ಅದನ್ನೇ ಹೇಳುವುದು ನಮ್ಮ ದೇಶದ ರೂಢಿ. ಅಮೆರಿಕದವರಿಗೆ ಹೇಳಿದರೆ ನಗಬಹುದು. ಬಯೋಡೇಟಾದಲ್ಲಿ ಗ್ರಾಜುಯೇಟೆಡ್ ಅಂತ ಬರೆದರೆ ಯಾರಿಗೂ ಗೊಂದಲ ಇಲ್ಲ.

ಇಡೀ ದಿನದಲ್ಲಿ ಉಪಯೋಗಕ್ಕೆ ಬರುವ ಮಾತು ಇದೊಂದೇ. ಒಂದು ಹೆಬ್ಬೆರಳೂ ಬೀಳಲಿಲ್ಲ.

ವಿರಾಜಪೇಟೆ ಅತ್ತೆ: ಪರೇಡ್ ಅಂದಾಗ ನೆನಪಾಯ್ತು. ಮಡಿಕೇರಿಯಲ್ಲಿ ಎನ್‌ಸಿಸಿ ಪರೇಡಿನಲ್ಲಿ ನಮ್ಮ ಸಣ್ಣವನು ಬಿದ್ದಿದ್ದ ಅಲ್ವಾ? 😂

ಚಿಕ್ಕಪ್ಪ: ಬೀಳಲಿಲ್ಲ ಅಕ್ಕ. ಕೂತೆ.

ಅತ್ತೆ: ಕೂತವನನ್ನು ಯಾರಾದರೂ ಎತ್ತಿಕೊಂಡು ಹೋಗ್ತಾರಾ? ತಿಂಡಿ ತಿನ್ನದೆ ಹೊರಟಿದ್ದೆ ನೀನು. ಅವ್ವ ಕಡುಬು ಮಾಡಿಟ್ಟಿದ್ದರು.

ದೊಡ್ಡಪ್ಪ: ಅವತ್ತು ಹಾಕಿಕೊಂಡು ಹೋದ ಬೂಟ್ಸ್ ನನ್ನದು. ಇನ್ನೂ ವಾಪಸ್ ಬಂದಿಲ್ಲ.

ಚಿಕ್ಕಪ್ಪ: ತೋಟ ಪಾಲಾದಾಗ ಕೆರೆ ಯಾರ ಕಡೆ ಹೋಯ್ತು, ಅದನ್ನೂ ಹೇಳಿ ಅಣ್ಣ.

ಮುಂದೆ ಒಂದು ಗಂಟೆ ಬೂಟ್ಸ್ ಮತ್ತು ಕೆರೆ. ಇಂಗ್ಲಿಷ್ ಎಲ್ಲೋ ಹೋಯಿತು. ಭಾವ ಮೆಲ್ಲಗೆ ಫಾರ್ವರ್ಡನ್ನು ಡಿಲೀಟ್ ಮಾಡಿದರು.

ಸಂಜೆ ಕರೆಂಟ್ ಬಂದ ಮೇಲೆ ಸೋಮವಾರಪೇಟೆ ಮಾವ ಫೋನ್ ತೆರೆದರು.

ಮಾವ: ಏನದು ಡಿಲೀಟ್ ಆಗಿರೋದು?

ಮೂರು ಜನ ಒಟ್ಟಿಗೇ ಅದನ್ನು ಮತ್ತೆ ಫಾರ್ವರ್ಡ್ ಮಾಡಿದರು. ಅದರಲ್ಲಿ ಒಬ್ಬರು ದೊಡ್ಡಪ್ಪ.